ಮನೆಗಿಂತ ಮೊದಲು ನೀರಿಗೆ ದಾರಿ: ಇಳಿಜಾರಿನ ಜಾಗದಲ್ಲಿ ಮಣ್ಣನ್ನು ನಿಲ್ಲಿಸುವುದು ಹೇಗೆ?

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಹತ್ತು ಸೆಂಟ್ಸ್ ಜಾಗ ಹುಡುಕಲು ಹೊರಟವರು ಈ ಮಾತನ್ನು ಕೇಳಿಯೇ ಇರುತ್ತಾರೆ: "ಸ್ವಲ್ಪ ಇಳಿಜಾರು ಇದೆ, ಎರಡು ದಿನ ಹಿಟಾಚಿ ಇಳಿಸಿದರೆ ಸರಿಯಾಗುತ್ತದೆ." ಬೈಲಿನ ಗದ್ದೆಗಳಲ್ಲಿ ಬಡಾವಣೆಗಳು ಎದ್ದಿವೆ. ಗುಡ್ಡದ ನೆತ್ತಿಯ ಬಯಲುಗಳಾದ ಪದವುಗಳ ಮೇಲೆ ಕಾಲೇಜು, ಆಸ್ಪತ್ರೆಗಳು ಬಂದಿವೆ. ಸಾಮಾನ್ಯ ಕುಟುಂಬದ ಕೈಗೆಟಕುವ ಬೆಲೆಗೆ ಉಳಿದಿರುವುದು ಪದವಿಗೂ ಬೈಲಿಗೂ ನಡುವಿನ ಗುಡ್ಡೆಯ ಓರೆ. ಹಿಂದಿನವರು ಗೇರು, ಹಲಸು, ಹುಲ್ಲು ಬೆಳೆಯಲು ಬಿಟ್ಟಿದ್ದ ಜಾಗ ಅದು.

ಅಲ್ಲಿ ಮನೆ ಕಟ್ಟಬಾರದೆಂದಿಲ್ಲ. ಆದರೆ ಆ ಎರಡು ದಿನಗಳ ಕೆಲಸ ಗುಡ್ಡದ ಒಳಗಿನ ನೀರಿನ ದಾರಿಯನ್ನೇ ಬದಲಿಸಿಬಿಡುತ್ತದೆ. 2020ರ ಜುಲೈ 5ರಂದು ಮಂಗಳೂರು ಬಳಿಯ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ತೀರಿಕೊಂಡರು. 2024ರ ಜೂನ್ 26ರಂದು ಕುತ್ತಾರು ಮದನಿನಗರದಲ್ಲಿ ಪಕ್ಕದ ಕಾಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಹೋದರು. 2025ರ ಮೇ 30ರಂದು ಮಂಜನಾಡಿ ಬಳಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ಪ್ರಾಣ ಕಳೆದುಕೊಂಡರು. ಮೂರೂ ಮಳೆಗಾಲದ ದುರಂತಗಳು. ಹಾಗಾಗಿ ಮಳೆ ಬಿದ್ದಾಗ ಇಳಿಜಾರಿನ ಮಣ್ಣಿಗೆ ಏನಾಗುತ್ತದೆ ಎಂಬುದನ್ನು ಎಂಜಿನಿಯರ್ ಮಾತ್ರವಲ್ಲ, ಮನೆಯ ಯಜಮಾನನೂ ಯಜಮಾನಿಯೂ ತಿಳಿದಿರಬೇಕು.

## ಮೇಲ್ಹರಿವು, ಸವೆತ, ಕುಸಿತ

ಈ ಮೂರು ಪದಗಳನ್ನು ಒಂದರ ಬದಲು ಇನ್ನೊಂದು ಬಳಸುವುದುಂಟು. ಆದರೆ ಮೂರರ ಮದ್ದೂ ಬೇರೆ ಬೇರೆ.

ಬಿದ್ದ ಮಳೆಯಲ್ಲಿ ಮಣ್ಣಿಗೆ ಇಂಗದೆ ನೆಲದ ಮೇಲೆಯೇ ಹರಿದುಹೋಗುವ ನೀರು ಮೇಲ್ಹರಿವು. ಹಾಗೆ ಹರಿಯುವಾಗ ಅದು ಮಣ್ಣಿನ ಕಣಗಳನ್ನು ಎತ್ತಿಕೊಂಡು ಹೋದರೆ ಅದು ಸವೆತ. ಧರೆಯ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯ, ಒಂದು ಭಾಗವೇ ಕಳಚಿಕೊಂಡು ಕೆಳಗಿಳಿದರೆ ಅದು ಕುಸಿತ, ನಮ್ಮ ಕಡೆಯ ಮಾತಿನಲ್ಲಿ ಬರೆ ಜರಿಯುವುದು.

ಸವೆತ ಕಣ್ಣಿಗೆ ಕಾಣುತ್ತದೆ. ಹೊಸದಾಗಿ ಸಮತಟ್ಟು ಮಾಡಿದ ಜಾಗದ ಎದುರು ಜೂನ್ ತಿಂಗಳಲ್ಲಿ ರಸ್ತೆಯೆಲ್ಲ ಕೆಂಪು ರಾಡಿಯಾಗುವುದು ಅದರಿಂದಲೇ. ದೊಡ್ಡ ಮಳೆಹನಿಯೊಂದು ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್, ಅಂದರೆ ಗಂಟೆಗೆ ಮೂವತ್ತು ಕಿಲೋಮೀಟರಿಗೂ ಮಿಗಿಲು. ಹುಲ್ಲು ಅಥವಾ ತರಗೆಲೆ ಇದ್ದರೆ ಆ ಪೆಟ್ಟು ಅವುಗಳ ಮೇಲೆ ಬೀಳುತ್ತದೆ. ಬೋಳು ಮಣ್ಣಾದರೆ ಕಣಗಳು ಸಿಡಿದು ಬಿಡಿಯಾಗುತ್ತವೆ, ಹರಿಯುವ ನೀರು ಅವನ್ನು ಹೊತ್ತೊಯ್ಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇಳಿಜಾರು ಕಡಿದಾದಷ್ಟೂ ಹಾನಿ ದೊಡ್ಡದಾಗುವುದು ಇದರಿಂದ.

ಕುಸಿತ ಹಾಗೆ ಕಾಣಿಸುವುದಿಲ್ಲ. ಅದಕ್ಕೆ ಕಾರಣವಾಗುವುದು ಮಣ್ಣಿನೊಳಗೆ ಇಳಿದು, ಹೊರಗೆ ಹೋಗಲು ದಾರಿ ಸಿಗದೆ ನಿಂತ ನೀರು. ಅಂದರೆ ಮನೆ ಕಟ್ಟುವವರು ಸಂಭಾಳಿಸಬೇಕಾದ ನೀರು ಎರಡು ಬಗೆಯದು: ಮೇಲೆ ಓಡುವುದು, ಒಳಗೆ ಸೇರುವುದು. ಚರಂಡಿ ಮಾಡಿಸಿ ನಿಶ್ಚಿಂತರಾದವರ ಮನೆಯ ಹಿಂದಿನ ಧರೆಯೂ ಜರಿಯುವುದು ಎರಡನೆಯ ನೀರನ್ನು ಮರೆತದ್ದರಿಂದ.

## ನಿಮ್ಮ ಜಾಗಕ್ಕೆ ಎಷ್ಟು ನೀರು ಬೀಳುತ್ತದೆ?

ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ಹೋಲಿಸಿದರೆ ಮೂರೂವರೆ, ನಾಲ್ಕು ಪಟ್ಟು. ಅಲ್ಲಿಯ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದು ಕಟ್ಟಿದರೆ ಚರಂಡಿ ಸಾಲದೆ ಹೋಗುವುದು ಸಹಜ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹತ್ತು ಸೆಂಟ್ಸ್ ಎಂದರೆ ಸುಮಾರು 405 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಪರೂಪವೇನಲ್ಲ. ಅಂಥ ಒಂದೇ ದಿನ ನಿಮ್ಮ ಜಾಗದ ಮೇಲೆ ಬೀಳುವುದು ನಲವತ್ತು ಸಾವಿರ ಲೀಟರ್, ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ಏಳು ಲೋಡು. ಹವಾಮಾನ ಇಲಾಖೆ 'ಅತ್ಯಂತ ಭಾರೀ ಮಳೆ' ಎನ್ನುವುದು 24 ಗಂಟೆಗಳಲ್ಲಿ 204.4 ಮಿಲಿಮೀಟರ್ ದಾಟಿದಾಗ. ರೆಡ್ ಅಲರ್ಟ್ ಎಂದು ಶಾಲೆಗೆ ರಜೆ ಕೊಡುವ ದಿನಗಳಲ್ಲಿ ಈ ಲೆಕ್ಕ ಎರಡು ಪಟ್ಟಾಗಬಹುದು.

ಚರಂಡಿಯ ಅಗಲ ನಿರ್ಧರಿಸುವಾಗ ಇಡೀ ದಿನದ ಮಳೆಗಿಂತ ಅರ್ಧ ಗಂಟೆಯ ಜೋರು ಮಳೆ ಮುಖ್ಯ. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಸುರಿದರೆ ಹತ್ತು ಸೆಂಟ್ಸ್‌ನಿಂದ ಸೆಕೆಂಡಿಗೆ ಹನ್ನೊಂದು ಲೀಟರ್ ನೀರು ಹೊರಡುತ್ತದೆ. ಪ್ರತಿ ಸೆಕೆಂಡಿಗೂ ಒಂದು ಕೊಡಪಾನ ನೀರನ್ನು ಯಾರೋ ಮೇಲಿನಿಂದ ಸುರಿಯುತ್ತಲೇ ಇದ್ದಾರೆ ಎಂದುಕೊಳ್ಳಿ. ಇದು ನಿಮ್ಮ ಜಾಗದ ನೀರು ಮಾತ್ರ. ಮೇಲಿನ ಗುಡ್ಡೆಯಿಂದ ಇಳಿದುಬರುವುದು ಬೇರೆ.

ಮನೆ ಎದ್ದ ಮೇಲೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮರ, ಹುಲ್ಲು ಇದ್ದ ಓರೆಯಲ್ಲಿ ಮಳೆಯ ದೊಡ್ಡ ಪಾಲು ಇಂಗುತ್ತಿತ್ತು. ತಾರಸಿ, ಸಿಮೆಂಟು ಅಂಗಳ, ಸಂದಿಗಳು ಮುಚ್ಚಿದ ಇಂಟರ್‌ಲಾಕ್ ಬಂದ ಮೇಲೆ ಬಹುತೇಕ ಎಲ್ಲವೂ ಮೇಲ್ಹರಿವೇ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುವುದಕ್ಕೂ ಎತ್ತರದ ಬಡಾವಣೆಗಳ ಅಂಗಳಗಳಿಗೂ ಈ ಸಂಬಂಧವಿದೆ.

## ಕೆಂಪುಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು

ನಮ್ಮ ಗುಡ್ಡಗಳ ಸ್ವಭಾವ ತಿಳಿಯದಿದ್ದರೆ ಉಳಿದ ಯಾವ ಎಚ್ಚರಿಕೆಯೂ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬಾವಿ ತೋಡಿಸಿದವರಿಗೆ ಇದು ಗೊತ್ತು. ಮೇಲೆ ಕೆಂಪು ಮಣ್ಣು, ಅದರಡಿ ಮುರಕಲ್ಲು ಎನ್ನುವ ಗಟ್ಟಿ ಕೆಂಪುಕಲ್ಲು, ಇನ್ನೂ ಕೆಳಗೆ ಹೋದರೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಮಣ್ಣು, ತಳದಲ್ಲಿ ಕರಿ ಬಂಡೆ. ಆ ಮೆತ್ತನೆಯದೇ ಶೇಡಿ. ಮುರಕಲ್ಲಿನ ಮಟ್ಟದಲ್ಲಿ ಬಾವಿಗೆ ಗೋಡೆ ಬೇಕಾಗುವುದಿಲ್ಲ, ಕಡಿದ ಹಾಗೆಯೇ ನಿಲ್ಲುತ್ತದೆ. ಶೇಡಿ ಸಿಕ್ಕಿದ ಕೂಡಲೇ ಕೆಲಸದವರು ರಿಂಗ್ ಇಳಿಸಬೇಕು ಎನ್ನುತ್ತಾರೆ, ಇಲ್ಲದಿದ್ದರೆ ಬದಿ ಉದುರುತ್ತದೆ. ಬಾವಿಯಲ್ಲಿ ನಾವು ಒಪ್ಪಿಕೊಂಡ ಈ ಸತ್ಯವನ್ನು ಮನೆಯ ಹಿಂದಿನ ಧರೆಯಲ್ಲಿ ಮರೆತುಬಿಡುತ್ತೇವೆ.

ಬಿಸಿಲು ಮತ್ತು ಭಾರೀ ಮಳೆ ಸರದಿಯಂತೆ ಬರುವ ಪ್ರದೇಶದಲ್ಲಿ ಲಕ್ಷಾಂತರ ವರ್ಷಗಳ ಕಾಲ ಬಂಡೆಯೊಳಗಿನ ಸಿಲಿಕಾ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಮುರಕಲ್ಲು ಆಗುತ್ತದೆ. ಹೊರಗಿನ ಗಾಳಿಗೆ ಒಡ್ಡಿಕೊಂಡಷ್ಟೂ ಅದು ಗಟ್ಟಿ. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಬಂದದ್ದೂ ನಮ್ಮ ಕರಾವಳಿಯ ಸಾಲಿನಿಂದಲೇ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ನೋಡಿ, ಇಟ್ಟಿಗೆಗೆ ಇರುವ ಲ್ಯಾಟಿನ್ ಪದದಿಂದ ಹೆಸರು ಕೊಟ್ಟು, 1807ರಲ್ಲಿ ಪ್ರಕಟಿಸಿದ. ಮುರಕಲ್ಲಿಗೂ ತಳದ ಬಂಡೆಗೂ ನಡುವೆ, ಅರ್ಧ ಕರಗಿದ ಸ್ಥಿತಿಯಲ್ಲಿ ಉಳಿದದ್ದು ಶೇಡಿ. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಒಣಗಿದಾಗ ಇದು ಗಟ್ಟಿ, ನೀರು ತುಂಬಿದಾಗ ಬಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ, ನೀರಿನ ಜೊತೆ ಸುಲಭವಾಗಿ ತೊಳೆದುಹೋಗುತ್ತದೆ.

ಇದೇಕೆ ಹೀಗೆ? ಮಲ್ಪೆಯ ಕಡಲ ಬದಿಯಲ್ಲಿ ಮಕ್ಕಳು ಹೊಯಿಗೆಯ ಗೋಪುರ ಕಟ್ಟುವುದನ್ನು ನೆನಪಿಸಿಕೊಳ್ಳಿ. ಒಣ ಹೊಯಿಗೆಯಲ್ಲಿ ಗೋಪುರ ಕಟ್ಟಲಾಗದು. ತುಸು ತೇವವಿದ್ದರೆ ನೆಟ್ಟಗೆ ನಿಲ್ಲುತ್ತದೆ, ಕಣಗಳ ನಡುವಿನ ತೆಳು ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಅಲೆ ಬಂದು ಬುಡ ತೋಯಿಸಿದರೆ ಗೋಪುರ ಕರಗಿದಂತೆ ಕೂರುತ್ತದೆ. ಕಣಗಳ ನಡುವೆ ನೀರು ಪೂರ್ತಿ ತುಂಬಿದಾಗ ಅದು ಹಿಡಿಯುವುದನ್ನು ಬಿಟ್ಟು ತಳ್ಳಲು ತೊಡಗುತ್ತದೆ. ಜನವರಿಯಲ್ಲಿ ಕಡಿದ ಧರೆ ಎಪ್ರಿಲ್‌ವರೆಗೆ ಗೋಡೆಯಂತೆ ನಿಂತಿತ್ತು ಎಂಬುದು ಜುಲೈ ತಿಂಗಳಿಗೆ ಸಾಕ್ಷಿಯಾಗುವುದಿಲ್ಲ.

ಅಪಾಯ ಹೆಚ್ಚುವುದು ಇಲ್ಲೇ. ಮೇಲಿನ ಗಟ್ಟಿ ಮುರಕಲ್ಲನ್ನು ನೋಡಿ ಇಡೀ ಧರೆಯೇ ಕಲ್ಲು ಎಂದು ಭಾವಿಸಿ ಹದಿನೈದು, ಇಪ್ಪತ್ತು ಅಡಿ ನೇರವಾಗಿ ಕಡಿಯುತ್ತಾರೆ. ಹಿಟಾಚಿ ಕೆಳಗಿಳಿಯುತ್ತಾ ಶೇಡಿಯನ್ನು ಮುಟ್ಟುತ್ತದೆ. ಮುರಕಲ್ಲಿನ ರಂಧ್ರಗಳ ಮೂಲಕ ಸಲೀಸಾಗಿ ಇಳಿದ ಮಳೆನೀರು ಶೇಡಿಯಲ್ಲಿ ಬೇಗ ಇಳಿಯಲಾರದೆ, ಅಡ್ಡಕ್ಕೆ ತಿರುಗಿ, ಕಡಿದ ಮುಖದತ್ತ ಬರುತ್ತದೆ. ಬುಡದ ಶೇಡಿ ಕರಗಿ ಹೊರಬಂದಾಗ ಮೇಲಿನ ಭಾರದ ಕಲ್ಲಿಗೆ ಆಧಾರವೇ ಇಲ್ಲ.

ಗುಡ್ಡದೊಳಗೆ ನೀರು ಅಡ್ಡಕ್ಕೆ ಹರಿಯುತ್ತದೆ ಎನ್ನುವುದು ಹೊಸ ಸಂಗತಿಯಲ್ಲ. ನಮ್ಮ ಕಡೆಯ ಸುರಂಗಗಳು ನಿಂತಿರುವುದೇ ಆ ತಿಳಿವಳಿಕೆಯ ಮೇಲೆ. ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡಕ್ಕೆ ಕೈಯಾರೆ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ಬಾಯಿಗೆ ಬರುವ ನೀರೇ ನಿಮ್ಮ ಧರೆಯ ಮುಖಕ್ಕೂ ಬರುತ್ತದೆ. ಅಲ್ಲಿ ಅದನ್ನು ಬರಮಾಡಿಕೊಳ್ಳಲು ದಾರಿ ಇತ್ತು, ಇಲ್ಲಿ ನಾವು ಗೋಡೆ ಕಟ್ಟಿ ಮುಚ್ಚುತ್ತೇವೆ.

## ಜಾಗವನ್ನು ಜುಲೈ ತಿಂಗಳಲ್ಲಿ ನೋಡಿ

ಸಾಧ್ಯವಿದ್ದರೆ ಕರಾರು ಮಾಡಿಕೊಳ್ಳುವ ಮೊದಲು ಜೋರು ಮಳೆಯಲ್ಲಿ ಒಮ್ಮೆ ಜಾಗಕ್ಕೆ ಹೋಗಿ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಗುಂಪಾಗುತ್ತದೆ, ಯಾವ ಮೂಲೆಯಿಂದ ಹೊರಡುತ್ತದೆ ಎಂಬುದು ಯಾವ ನಕ್ಷೆಗಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಬೇಸಗೆಯಲ್ಲಿ ನೋಡುವವರು ಗುರುತುಗಳನ್ನು ಹುಡುಕಬೇಕು: ಒಣಗಿದ ಸಣ್ಣ ತೋಡಿನ ಗೆರೆ, ಒಂದೇ ಕಡೆ ರಾಶಿಯಾದ ನುಣುಪು ಮಣ್ಣು, ಮಾರ್ಚ್‌ನಲ್ಲೂ ಹಸಿರಾಗಿರುವ ಹುಲ್ಲಿನ ಪಟ್ಟಿ, ಬುಡದಲ್ಲಿ ಬಾಗಿ ಮತ್ತೆ ನೇರವಾಗಿ ಬೆಳೆದ ಮರ. ಕೊನೆಯದು ಮಣ್ಣು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಜಾರುತ್ತಿರುವುದರ ಕುರುಹಾಗಿರಬಹುದು.

ಅಕ್ಕಪಕ್ಕದ ಹಿರಿಯರನ್ನು ಕೇಳುವುದು ಬಹಳ ಮುಖ್ಯ. ಬೈಲು, ಮಜಲು, ಬೆಟ್ಟು ಎಂದು ಹಿಂದಿನವರು ಗದ್ದೆಗಳನ್ನು ಬೇರ್ಪಡಿಸಿದ್ದು ನೀರು ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೋಡಿಯೇ. ಜಾಗದ ಹಳೆಯ ಹೆಸರಿನಲ್ಲಿ ತೋಡು, ಮದಕ, ಕಟ್ಟ ಎಂದಿದ್ದರೆ ಅಲ್ಲಿ ಹಿಂದೆ ನೀರಿತ್ತು ಎಂದೇ ತಿಳಿದು ವಿಚಾರಿಸಿ. ಮುಚ್ಚಿದ ತೋಡು ಮಳೆಗಾಲದಲ್ಲಿ ತನ್ನ ಹಳೆಯ ದಾರಿಗೇ ಬರುತ್ತದೆ.

## ಕಡಿಯುವಾಗ, ತುಂಬುವಾಗ

ಇಳಿಜಾರನ್ನು ಸಮತಟ್ಟು ಮಾಡುವುದೆಂದರೆ ಮೇಲಿನ ಬದಿ ಕಡಿದು ಆ ಮಣ್ಣನ್ನು ಕೆಳಗಿನ ಬದಿಗೆ ತುಂಬುವುದು. ಎರಡೂ ಕಡೆ ತೊಂದರೆ ಇದೆ.

ಕಡಿದ ಕಡೆ ಮಾಡಬೇಕಾದದ್ದು ಎತ್ತರವನ್ನು ಒಡೆಯುವುದು. ಒಂದೇ ಏಟಿಗೆ ಮೂವತ್ತು ಅಡಿ ನೇರ ಧರೆಯ ಬದಲು ಹತ್ತು ಹತ್ತು ಅಡಿಯ ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲ ಮೇಲೂ ನಾಲ್ಕೈದು ಅಡಿ ಅಗಲದ ಜಗಲಿ, ಆ ಜಗಲಿಯ ಒಳಬದಿಯಲ್ಲಿ ನೀರು ಹೋಗಲು ಕಾಲುವೆ. ಮುಖವೂ ನೇರವಾಗಿರದೆ ಹಿಂದಕ್ಕೆ ವಾಲಿರಬೇಕು. ಶೇಡಿ ಕಂಡರೆ ಇನ್ನಷ್ಟು ವಾಲಿಸಬೇಕು. ಇದರಿಂದ ಮನೆಗೆ ಸಿಗುವ ಜಾಗ ಕಡಿಮೆಯಾಗುತ್ತದೆ ಎಂಬ ಸಂಕಟ ನಿಜವೇ. ಐದು ಸೆಂಟ್ಸ್ ಇರುವವರಿಗಂತೂ ಒಂದೊಂದು ಅಡಿಯೂ ದುಬಾರಿ. ಅಂಥವರು ಇಡೀ ಜಾಗವನ್ನು ಸಮ ಮಾಡುವ ಬದಲು ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟಬಹುದು: ಕೆಳಗಿನ ಮಟ್ಟದಲ್ಲಿ ಕಾರು ಮತ್ತು ಒಂದು ಕೋಣೆ, ಅರ್ಧ ಮಹಡಿ ಮೇಲೆ ಉಳಿದದ್ದು. ಕಡಿಯುವ ಎತ್ತರ ಅರ್ಧಕ್ಕೆ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಳಿಜಾರಿನ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಳಿತಾಯವಿಲ್ಲ. ಕಡಿಯದ ಧರೆಗೆ ತಡೆಗೋಡೆಯೂ ಬೇಡವಲ್ಲ!

ಧರೆಗೂ ಮನೆಯ ಹಿಂಗೋಡೆಗೂ ನಡುವೆ ಕನಿಷ್ಠ ಧರೆಯ ಎತ್ತರದಷ್ಟಾದರೂ ಅಂತರವಿರಲಿ. ಜರಿದ ಮಣ್ಣು ಬುಡದಲ್ಲಿ ರಾಶಿಯಾಗಿ ನಿಲ್ಲದೆ ಮುಂದಕ್ಕೆ ಹರಡುತ್ತದೆ. ಅಂತರ ಬಿಡಲಾಗದಿದ್ದರೆ ಆ ಬದಿಗೆ ಮಲಗುವ ಕೋಣೆ ಇಡಬೇಡಿ.

ತುಂಬಿದ ಕಡೆಯ ತಪ್ಪು ಬೇರೆ. ಹುಲ್ಲು, ಎಲೆ, ಬೇರು ಇದ್ದ ನೆಲದ ಮೇಲೆಯೇ ಮಣ್ಣು ಸುರಿದರೆ ಅವು ಕೊಳೆತು ಜಾರುಬಂಡೆಯಾಗುತ್ತವೆ. ಮೊದಲು ಅದನ್ನೆಲ್ಲ ಕೆತ್ತಿ ತೆಗೆದು, ಹಳೆಯ ನೆಲವನ್ನು ಮೆಟ್ಟಿಲಾಗಿ ಕಡಿದು, ಒಂದು ಗೇಣಿನಷ್ಟು ದಪ್ಪ ಮಣ್ಣು ಹಾಕಿ, ತೇವ ಮಾಡಿ, ರೋಲರ್‌ನಿಂದ ಒತ್ತಿ, ಅದರ ಮೇಲೆ ಮುಂದಿನ ಪದರ ಹಾಕಬೇಕು. ಲಾರಿಯಿಂದ ಸುರಿದು ಒಂದು ಮಳೆಗಾಲ ಬಿಟ್ಟರೆ ತಾನಾಗಿ ಕೂರುತ್ತದೆ ಎನ್ನುವ ಮಾತು ಅರ್ಧ ಸತ್ಯ. ಕೂರುತ್ತದೆ ನಿಜ, ಆದರೆ ಎಲ್ಲ ಕಡೆ ಸಮನಾಗಿ ಅಲ್ಲ. ಮನೆಯ ಅರ್ಧ ಪಂಚಾಂಗ (ಅಡಿಪಾಯ) ಕಡಿದ ಗಟ್ಟಿ ನೆಲದಲ್ಲಿ, ಉಳಿದರ್ಧ ತುಂಬಿದ ಮಣ್ಣಿನಲ್ಲಿ ನಿಂತರೆ ಗೋಡೆಯಲ್ಲಿ ಓರೆಯಾದ ಬಿರುಕು ಬರುವುದು ಇದರಿಂದ. ತುಂಬಿದ ಕಡೆಯ ಕಂಬಗಳು ಮಣ್ಣನ್ನು ದಾಟಿ ಹಳೆಯ ಗಟ್ಟಿ ನೆಲವನ್ನು ಮುಟ್ಟಲೇಬೇಕು.

## ಅಗಳು ಮೊದಲು, ಅಡಿಪಾಯ ಆಮೇಲೆ

ಹಳೆಯ ಮನೆಗಳ ಹಿಂದೆ, ಗುಡ್ಡೆಯ ಬದಿಗೆ ನೀರು ಹರಿದುಹೋಗಲು ತೋಡಿದ ಒಂದು ಅಗಳು ಇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹಾರೆ ಹಿಡಿದು ಅದರ ಎಲೆ, ಹೂಳು ತೆಗೆಯುವುದು ಮನೆಯ ದೊಡ್ಡವರ ಕೆಲಸ. ಅಡಕೆ ಮರ ಸೀಳಿ ಮಾಡಿದ ದಂಬೆ ಮಾಡಿನ ನೀರನ್ನು ಹಿಡಿದು ಅಂಗಳದಿಂದ ದೂರ ಸಾಗಿಸುತ್ತಿತ್ತು. ಇವತ್ತಿನ ಎಂಜಿನಿಯರ್ ಹೇಳುವುದೂ ಹೆಚ್ಚು ಕಡಿಮೆ ಅದನ್ನೇ.

ಮೊದಲನೆಯದು ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಐದಾರು ಅಡಿ ಹಿಂದೆ ಅಡ್ಡಕ್ಕೆ ಒಂದು ಕಾಲುವೆ. ಮೇಲಿನ ಗುಡ್ಡೆಯ ನೀರು ಧರೆಯ ಮುಖಕ್ಕೆ ಇಳಿಯದಂತೆ ಅದು ಬದಿಗೆ ತಿರುಗಿಸುತ್ತದೆ. ಇದಕ್ಕೆ ಸಿಮೆಂಟು ಅಥವಾ ಕಲ್ಲಿನ ತಳ ಇರಲೇಬೇಕು. ಬರೀ ಮಣ್ಣಿನ ಕಾಲುವೆ ತೋಡಿದರೆ ಅದರಲ್ಲಿ ನಿಂತ ನೀರು ಅಂಚಿನ ಹಿಂದೆಯೇ ಇಂಗಿ, ಧರೆಗೆ ಹೊರಗಿನಿಂದ ಬರಬೇಕಿದ್ದ ಅಪಾಯವನ್ನು ಒಳಗಿನಿಂದ ತರುತ್ತದೆ. ಸಿಮೆಂಟು ಬಿರುಕು ಬಿಟ್ಟರೂ ಅದೇ ಕಥೆ, ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಬಿರುಕು ಮುಚ್ಚಿಸಬೇಕು.

ಎರಡನೆಯದು ಮೇಲಿನ ನೀರನ್ನು ಕೆಳಗಿಳಿಸುವ ದಾರಿ. ನೇರ ಇಳಿಜಾರಿನಲ್ಲಿ ಬಿಟ್ಟರೆ ನೀರು ವೇಗ ಪಡೆದು ತಳವನ್ನೇ ಕೊರೆಯುತ್ತದೆ. ದೇವಸ್ಥಾನದ ಕೆರೆಯ ಮೆಟ್ಟಿಲುಗಳಂತೆ ಹಂತ ಹಂತವಾಗಿ ಕಟ್ಟಿದರೆ ಪ್ರತಿ ಮೆಟ್ಟಿಲಿಗೂ ಬಿದ್ದು ಅದರ ರಭಸ ಮುರಿಯುತ್ತದೆ. ಮೂರನೆಯದು ಧರೆಯ ಬುಡದ ಚರಂಡಿ. ಕೊನೆಗೆ ಇವೆಲ್ಲ ಸೇರಿ ತೋಡಿಗೋ ರಸ್ತೆಯ ಚರಂಡಿಗೋ ಹೋಗುವ ಕಡೆ ಕಾಡುಕಲ್ಲು ಹಾಸಬೇಕು. ಅದಕ್ಕೂ ಮೊದಲು ಒಂದು ಹೂಳುಗುಂಡಿ ಇದ್ದರೆ ಕೆಸರು ಅಲ್ಲೇ ಕೂರುತ್ತದೆ. ಮನೆ ಕೆಲಸ ನಡೆಯುವ ಮಳೆಗಾಲದಲ್ಲಿ ಈ ಗುಂಡಿಯನ್ನು ವಾರಕ್ಕೊಮ್ಮೆಯಾದರೂ ತೆಗೆಯಬೇಕಾದೀತು.

ಇಂಗುಗುಂಡಿಯ ಬಗ್ಗೆ ಒಂದು ಮಾತು. ಮಳೆನೀರು ಇಂಗಿಸಿ ಎಂದು ನಾವೆಲ್ಲ ಹೇಳುತ್ತಾ ಬಂದಿದ್ದೇವೆ, ಅದು ಒಳ್ಳೆಯ ಮಾತೇ. ಆದರೆ ಕಡಿದ ಧರೆಯ ಮೇಲ್ಭಾಗದಲ್ಲಿ, ತಡೆಗೋಡೆಯ ಹಿಂದೆ ಇಂಗುಗುಂಡಿ ತೋಡಬಾರದು. ಶೌಚದ ಪಿಟ್, ಬಚ್ಚಲು ನೀರಿನ ಗುಂಡಿ ಕೂಡ ಅಲ್ಲಿ ಬೇಡ. ಮೇಲಿನ ಮನೆಯವರು ಒಳ್ಳೆಯ ಮನಸ್ಸಿನಿಂದ ಇಂಗಿಸಿದ ನೀರು ಕೆಳಗಿನ ಮನೆಯ ಧರೆಯನ್ನು ಸಡಿಲಿಸೀತು. ಇಂಗಿಸುವುದಾದರೆ ಧರೆಯಿಂದ ದೂರ, ಜಾಗದ ಕೆಳಮಟ್ಟದಲ್ಲಿ. ಅದೂ ಆಗದಿದ್ದರೆ ಮಾಡಿನ ನೀರನ್ನು ಸೋಸಿ ಟ್ಯಾಂಕಿಗೋ ಬಾವಿಗೋ ಬಿಡಬಹುದು.

## ತಡೆಗೋಡೆ ಬೀಳುವುದು ಮಣ್ಣಿನಿಂದಲ್ಲ, ನೀರಿನಿಂದ

ಹೀಗೆಂದರೆ ಸ್ವಲ್ಪ ಹೆಚ್ಚಾಯಿತು, ಮಣ್ಣೂ ತಳ್ಳುತ್ತದೆ. ಆದರೆ ಮಣ್ಣಿನ ಒತ್ತಡವನ್ನು ತಡೆದು ನಿಂತಿದ್ದ ಎಷ್ಟೋ ಗೋಡೆಗಳು ಮಳೆಗಾಲದಲ್ಲೇ ಉರುಳುವುದು ಹಿಂದೆ ನೀರು ತುಂಬಿಕೊಂಡಾಗ.

ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ನೆತ್ತಿಯವರೆಗೆ ನೀರು ನಿಂತರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ನೀರೊಂದೇ ಹಾಕುವ ಒತ್ತಡ ಸುಮಾರು ನಾಲ್ಕೂವರೆ ಟನ್. ನಾಲ್ಕೈದು ಸಣ್ಣ ಕಾರುಗಳ ತೂಕ, ಅಡ್ಡಕ್ಕೆ. ಎತ್ತರ ಇಪ್ಪತ್ತು ಅಡಿಯಾದರೆ ಅದು ಒಂಬತ್ತು ಟನ್ ಆಗುವುದಿಲ್ಲ, ನಾಲ್ಕು ಪಟ್ಟಾಗಿ ಹದಿನೆಂಟು ಟನ್ ಆಗುತ್ತದೆ. ಎಂಟು ಅಡಿ ಗೋಡೆಯ ಮೇಲೆ "ಇನ್ನು ನಾಲ್ಕು ಅಡಿ ಏರಿಸಿ" ಎಂದು ಮೇಸ್ತ್ರಿಗೆ ಹೇಳುವ ಮೊದಲು ಈ ಲೆಕ್ಕ ನೆನಪಿರಲಿ. ನಾಲ್ಕು ಅಡಿ ಏರಿಸಿದರೆ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಕಾಂಪೌಂಡ್ ಗೋಡೆ ತಡೆಗೋಡೆಯಲ್ಲ. ಇದು ನಮ್ಮಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಒಂದು ಸಾಲು ಕೆಂಪುಕಲ್ಲಿನ ಪಾಗಾರ ಗಡಿ ತೋರಿಸುವುದಕ್ಕೆ, ದನ ಬಾರದಂತೆ ತಡೆಯುವುದಕ್ಕೆ. ಅದರ ಹಿಂದೆ ನಾಲ್ಕೈದು ಅಡಿ ಮಣ್ಣು ತುಂಬಿ ಅಂಗಳ ಸಮ ಮಾಡಿದರೆ ಅದು ಹೊರಲಾರದ ಭಾರ ಹೊತ್ತು ನಿಂತಿರುತ್ತದೆ. ತನ್ನ ತೂಕದಿಂದಲೇ ಮಣ್ಣನ್ನು ತಡೆಯುವ ಕಲ್ಲಿನ ಗೋಡೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಕಾಂಕ್ರೀಟ್ ಗೋಡೆಯಾದರೆ ಬುಡದಲ್ಲಿ ಹಿಂದಕ್ಕೆ ಚಾಚಿದ ಪಾದ, ಸರಿಯಾದ ಬದಿಗೆ ಕಬ್ಬಿಣ ಬೇಕು. ಆರು ಅಡಿ ದಾಟಿದ ಯಾವ ತಡೆಗೋಡೆಯನ್ನೂ ಮಣ್ಣು ಪರೀಕ್ಷಿಸಿ ಲೆಕ್ಕ ಹಾಕುವ ಎಂಜಿನಿಯರ್ ಇಲ್ಲದೆ ಕಟ್ಟಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನೀರಿಗೆ ದಾರಿ ಬಿಡುವುದು ಹೇಗೆ? ಗೋಡೆಯಲ್ಲಿ ನಾಲ್ಕೈದು ಅಡಿಗೊಂದರಂತೆ, ಮೂರು ನಾಲ್ಕು ಇಂಚಿನ ಪಿವಿಸಿ ಕೊಳವೆಗಳನ್ನು ಹೊರಕ್ಕೆ ವಾಲಿಸಿ ಇಡುತ್ತಾರೆ. ಬಹಳ ಕಡೆ ಕೊಳವೆ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಅದರ ಹಿಂದೆ ನೇರವಾಗಿ ಮಣ್ಣು ತುಂಬಿ ಬಾಯಿ ಕಟ್ಟಿರುತ್ತದೆ. ಗೋಡೆಯ ಹಿಂದೆ ಉದ್ದಕ್ಕೂ ಒಂದು ಅಡಿಯಷ್ಟು ಅಗಲ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಚಹಾ ಸೋಸುವ ಹಾಗೆ ನೀರು ಹೊರಗೆ, ಮಣ್ಣು ಒಳಗೆ. ಶೇಡಿ ಇರುವಲ್ಲಿ ಈ ಬಟ್ಟೆ ಬಿಟ್ಟರೆ ನುಣುಪು ಮಣ್ಣು ಕೊಳವೆಯಲ್ಲೇ ಹರಿದುಹೋಗಿ ಗೋಡೆಯ ಹಿಂದೆ ಪೊಳ್ಳಾಗುತ್ತದೆ.

ಸಿಮೆಂಟಿಲ್ಲದೆ ಕಲ್ಲು ಜೋಡಿಸಿದ ಹಳೆಯ ಕಟ್ಟಗಳು ತೋಟಗಳಲ್ಲಿ ಇಂದಿಗೂ ನಿಂತಿವೆ. ಅವುಗಳ ಸಂದು ಸಂದಿನಲ್ಲೂ ನೀರು ಹೋಗುತ್ತದೆ. ತಂತಿಬಲೆಯ ಪೆಟ್ಟಿಗೆಯಲ್ಲಿ ಕಾಡುಕಲ್ಲು ತುಂಬಿ ಕಟ್ಟುವ ಗೋಡೆಯದೂ ಅದೇ ಗುಣ.

## ಪತ್ತನಾಜೆಯೊಳಗೆ ಮುಗಿಯಬೇಕಾದದ್ದು

ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸಿಗೆ ಪತ್ತನಾಜೆ. ಕೋಲ, ಯಕ್ಷಗಾನದ ತಿರುಗಾಟ ನಿಲ್ಲುವ ದಿನ. ಮಣ್ಣಿನ ಕೆಲಸಕ್ಕೂ ಅದೇ ಗಡುವು ಎಂದಿಟ್ಟುಕೊಳ್ಳುವುದು ಒಳ್ಳೆಯದು. ಕೇರಳಕ್ಕೆ ಮುಂಗಾರು ಬರುವ ವಾಡಿಕೆ ಜೂನ್ 1, ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂತು. ಒಂದು ವಾರ ಇದೆ ಎಂದುಕೊಂಡವರ ಧರೆ ಬೋಳಾಗಿಯೇ ನೆನೆಯಿತು.

ನವೆಂಬರ್, ಡಿಸೆಂಬರಿನಲ್ಲಿ ಕಡಿದು, ಬೇಸಗೆ ಏರುವ ಮೊದಲು ಕಾಲುವೆ ಮತ್ತು ತಡೆಗೋಡೆ ಮುಗಿಸಿ, ನಂತರ ಪಂಚಾಂಗಕ್ಕೆ ಕೈ ಹಾಕುವುದು ಸರಿಯಾದ ಕ್ರಮ. ಹಣ ಸಾಲದಿದ್ದರೆ ಮೇಲಿನ ಮಹಡಿ ಕಾಯಲಿ. ಮೇ ಕೊನೆಯಲ್ಲಿ ಧರೆ ಇನ್ನೂ ತೆರೆದಿದ್ದರೆ ಟರ್ಪಾಲು ಹೊದೆಸಬಹುದು, ಆದರೆ ಅದರ ಮೇಲಂಚು ಕಾಲುವೆಯ ಆಚೆಗೆ ಹೋಗಿ ಹೂತಿರಬೇಕು. ಇಲ್ಲವಾದರೆ ನೀರು ಟರ್ಪಾಲಿನ ಅಡಿಯಲ್ಲೇ ಹರಿಯುತ್ತದೆ, ನಮಗೆ ಕಾಣುವುದೂ ಇಲ್ಲ. ಅಂಗಳದ ಬೋಳು ಮಣ್ಣಿಗೆ ಮಡಲು, ಸೋಗೆ, ತರಗೆಲೆ ಹರಡಿದರೂ ಹನಿಯ ಪೆಟ್ಟು ತಪ್ಪುತ್ತದೆ.

ವಾಲಿಸಿದ ಮುಖಕ್ಕೆ ಲಾವಂಚ ಒಳ್ಳೆಯ ಕಾವಲು. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಮಣ್ಣು ಒಳ್ಳೆಯದಿದ್ದರೆ ಮೂರು ಮೀಟರ್‌ವರೆಗೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ನೆಟ್ಟರೆ ಒಂದೆರಡು ವರ್ಷಗಳಲ್ಲಿ ಜೀವಂತ ಬೇಲಿಯಾಗುತ್ತದೆ. ಅದು ಬೇರೂರುವವರೆಗೆ ತೆಂಗಿನ ನಾರಿನ ಬಲೆ ಹೊದೆಸಿದರೆ ಮಣ್ಣು ನಿಲ್ಲುತ್ತದೆ. ಆದರೆ ನೇರವಾಗಿ ಕಡಿದ ಇಪ್ಪತ್ತು ಅಡಿ ಧರೆಯನ್ನು ಯಾವ ಹುಲ್ಲೂ ಉಳಿಸಲಾರದು. ಹುಲ್ಲು ಸವೆತಕ್ಕೆ ಮದ್ದು, ಆಳದ ಕುಸಿತಕ್ಕೆ ಅಲ್ಲ.

ಮರ ಕಡಿಯುವಾಗ ತಿಳಿದಿರಬೇಕಾದ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕಡಿದ ಮರದ ಬೇರು ಕೂಡಲೇ ಸಾಯುವುದಿಲ್ಲ, ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತದೆ. ಆಮೇಲೆ ಕೊಳೆತು, ಅದಿದ್ದ ಜಾಗ ನೀರು ಇಳಿಯುವ ಕೊಳವೆಯಾಗುತ್ತದೆ. ಎರಡು ಮಳೆಗಾಲ ಏನೂ ಆಗದ ಧರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಜರಿಯುವುದರ ಹಿಂದೆ ಇದೂ ಒಂದು ಕಾರಣ.

## ನೆರೆಯವರ ಜಾಗ

1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಎರಡು ವಿಷಯಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಮೇಲಿನ ಜಾಗದಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯಲು ಕೆಳಗಿನವರು ಬಿಡಬೇಕು. ಹಾಗೆಯೇ, ಪ್ರತಿ ಜಾಗಕ್ಕೂ ಅಕ್ಕಪಕ್ಕದ ಮಣ್ಣಿನಿಂದ ಸಹಜವಾಗಿ ಸಿಗುವ ಆಧಾರ ಅದರ ಹಕ್ಕು. ಸರಳವಾಗಿ ಹೇಳಿದರೆ, ಗಡಿಯವರೆಗೂ ಕಡಿದು ಮೇಲಿನವರ ಮಣ್ಣು ಜಾರಿದರೆ ಹೊಣೆ ಕಡಿದವರದ್ದಾಗಬಹುದು. ಇಲ್ಲಿ 'ಸಹಜವಾಗಿ' ಎಂಬ ಪದಕ್ಕೆ ತೂಕವಿದೆ. ಇಡೀ ತಾರಸಿಯ ನೀರನ್ನು ಒಂದೇ ಪೈಪಿನಲ್ಲಿ ಕೂಡಿಸಿ ಪಕ್ಕದವರ ಅಂಗಳಕ್ಕೆ ಬಿಡುವುದು ಸಹಜ ಹರಿವಲ್ಲ. ಕೆಲಸ ಶುರುವಾಗುವ ಮೊದಲೇ ಮೇಲಿನವರು, ಕೆಳಗಿನವರು ಕೂತು ಒಂದೇ ಚರಂಡಿಗೆ ಒಪ್ಪಿದರೆ ಇಬ್ಬರ ಖರ್ಚೂ ಕಡಿಮೆಯಾಗುತ್ತದೆ.

## ಧರೆ ಕೊಡುವ ಸೂಚನೆಗಳು

ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಡೆ ಹಿಡಿದು ಧರೆಯ ಮೇಲೂ ಕೆಳಗೂ ಒಂದು ಸುತ್ತು ಬನ್ನಿ. ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದ್ದರೆ ಅದು ಅತಿ ಗಂಭೀರ. ಮಣ್ಣು ಈಗಾಗಲೇ ಚಲಿಸಿದೆ ಎಂದರ್ಥ. ತಡೆಗೋಡೆಯ ಹೊಟ್ಟೆ ಉಬ್ಬಿದ್ದರೆ, ವಿದ್ಯುತ್ ಕಂಬ ಅಥವಾ ಮರ ಹೊಸದಾಗಿ ವಾಲಿದ್ದರೆ, ನೆಟ್ಟಗೆ ಮುಚ್ಚುತ್ತಿದ್ದ ಬಾಗಿಲು ಸಿಕ್ಕಿಕೊಳ್ಳತೊಡಗಿದರೆ, ಇಲ್ಲದ ಕಡೆ ಒರತೆ ಎದ್ದಿದ್ದರೆ ಕಾಯಬೇಡಿ.

ಗೋಡೆಯ ಕೊಳವೆಗಳನ್ನು ವಿಶೇಷವಾಗಿ ನೋಡಿ. ತಿಳಿನೀರು ಬರುತ್ತಿದ್ದರೆ ಒಳ್ಳೆಯದು. ಇದ್ದಕ್ಕಿದ್ದಂತೆ ಕೆಸರು ಬಂದರೆ ಹಿಂದಿನ ಮಣ್ಣು ತೊಳೆದುಹೋಗುತ್ತಿದೆ. ಜೋರು ಮಳೆಯಲ್ಲೂ ಏನೂ ಬರದಿದ್ದರೆ ಬಾಯಿ ಕಟ್ಟಿ ಹಿಂದೆ ನೀರು ಏರುತ್ತಿರಬಹುದು.

ಇಂಥ ಯಾವ ಸೂಚನೆ ಕಂಡರೂ ಆ ರಾತ್ರಿ ಧರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬಾರದು. ಬಿರುಕು, ಉಬ್ಬು ಕಂಡರೆ ಮನೆಯನ್ನೇ ಬಿಟ್ಟು ಸಂಬಂಧಿಕರ ಮನೆಗೆ ಹೋಗಿ, ಕೆಳಗಿನ ಮನೆಯವರಿಗೂ ತಿಳಿಸಿ, ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಕರೆ ಮಾಡಿ. ಮಳೆ ಬಿಟ್ಟು ಬಿಸಿಲು ಬಂದ ಕೂಡಲೇ ಮರಳಬೇಡಿ. ಗುಡ್ಡದೊಳಗೆ ಇಳಿದ ನೀರು ಧರೆಯ ಬುಡ ತಲುಪಲು ಒಂದೆರಡು ದಿನ ಹಿಡಿಯಬಹುದು. ಆಕಾಶ ತಿಳಿಯಾದ ಮೇಲೂ ಕೊಳವೆಯ ನೀರು ತಿಳಿಯಾಗುವವರೆಗೆ ಕಾಯಿರಿ, ಬಿರುಕನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿದ ಮೇಲಷ್ಟೇ ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ.